ಎರಿನ್ಲೆ ಗುಡಿಯ ಮುಖವಿಲ್ಲದ ಹೆಂಗಸು

ಇಲೆ-ಒಡೊ
14 ಜನವರಿ 2006

ಅಕ್ಕನಿಗೆ ನಿಮ್ಮ ಅಶಾಬಿ ಮಂಡಿಯೂರಿ ಮಾಡುವ ನಮಸ್ಕಾರ.

ನಿಮ್ಮ ಕಾಗದ ಬಂದ ಮೇಲೆ ಹಬ್ಬ ಕಳೆಯಿತು, ಹೊಸ ವರ್ಷವೂ ಬಂತು, ನಾನು ಮಾತ್ರ ಉತ್ತರ ಬರೆಯಲಿಲ್ಲ. ಬಯ್ಯಬೇಡಿ. ಈ ಸಲದ ಧೂಳುಗಾಳಿ ಎಷ್ಟು ಒಣಗಿದೆಯೆಂದರೆ ಪೆನ್ನು ಹಿಡಿದರೆ ಬೆರಳ ಸಂದಿ ಬಿರಿಯುತ್ತದೆ. ಇದು ಅರ್ಧ ಸುಳ್ಳು. ನಿಮಗೆ ಬರೆಯಲು ಕೂತಾಗಲೆಲ್ಲ ಏನು ಬರೆಯಬೇಕು, ಏನು ಬಿಡಬೇಕು ಎಂದು ತಿಳಿಯದೆ ಎದ್ದುಬಿಡುತ್ತಿದ್ದೆ. ನನಗೆ ಅಕ್ಷರ ಕಲಿಸಿದವರೇ ನೀವು. ಇದ್ದಿಲ ಚೂರಿನಲ್ಲಿ ಅಡುಗೆಮನೆ ಗೋಡೆಯ ಮೇಲೆ ನೀವು ಬರೆದು, ನಾನು ತಿದ್ದುತ್ತಿದ್ದೆ. ಒಬ್ಬ ಗಂಡನನ್ನು ಇಬ್ಬರು ಹಂಚಿಕೊಂಡ ಮನೆಯಲ್ಲಿ ಸವತಿಗೆ ಓದು ಕಲಿಸಿದ ಹಿರಿಯ ಹೆಂಡತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಾಗಾಗಿ ಬರೆಯಲೇಬೇಕು.

ನಿಮ್ಮ ಮಂಡಿನೋವು ಹೇಗಿದೆ? ಇಲೊರಿನ್‌ಗೆ ಹೋಗುವ ಲಾರಿಯ ಚಾಲಕನ ಕೈಯಲ್ಲಿ ಶಿಯಾ ಬೆಣ್ಣೆ ಕಳಿಸಿದ್ದೇನೆ. ಬಿಸಿ ಮಾಡಿ ತಿಕ್ಕಿಸಿಕೊಳ್ಳಿ. ನಿಮ್ಮ ಮಗ ಬೊಲಾಜಿ ಕಾಲೇಜಿನಲ್ಲಿ ದೊಡ್ಡ ಮೇಷ್ಟ್ರಾದನೆಂದು ಕೇಳಿ ಸಂತೋಷವಾಯಿತು. ಅವನ ಹೆಂಡತಿಗೂ ಮಕ್ಕಳಿಗೂ ನನ್ನ ಆಶೀರ್ವಾದ ಹೇಳಿ.

ಊರಿನ ಸುದ್ದಿ ಒಂದೇ. ನಮ್ಮ ಹೊಳೆದೇವರು ಎರಿನ್ಲೆಯ ಗುಡಿಯನ್ನು ರಿಪೇರಿ ಮಾಡುತ್ತಿದ್ದಾರೆ. ಕಳೆದ ಮಳೆಗಾಲದಲ್ಲಿ ಹೊಳೆಯ ಕಡೆಯ ಗೋಡೆ ಕುಸಿದದ್ದು ನಿಮಗೆ ಗೊತ್ತು. ಗೆದ್ದಲು ತೊಲೆಗಳನ್ನು ತಿಂದು ಚಾವಣಿ ಒಂದು ಮಗ್ಗುಲಿಗೆ ವಾಲಿತ್ತು, ಕುಡಿದವನ ಟೋಪಿಯ ಹಾಗೆ. ಲಾಗೋಸಿನಿಂದ ಎಕುಂಡಾಯೊ ಎನ್ನುವ ಹೆಂಗಸು ಬಂದಿದ್ದಾಳೆ. ಹಳೆ ಕಟ್ಟಡಗಳನ್ನು ಉಳಿಸುವುದೇ ಅವಳ ಓದು, ಅದೇ ಕೆಲಸ. ಪ್ಯಾಂಟು ಹಾಕಿಕೊಂಡು ಏಣಿ ಹತ್ತುತ್ತಾಳೆ. ಗಾರೆ ಕೆಲಸಕ್ಕೆ ನಮ್ಮ ಸಾಕಾ. ನಮ್ಮ ಯಜಮಾನರ ಕೈಕೆಳಗೆ ಮಣ್ಣು ತುಳಿಯುತ್ತಿದ್ದವನು ಈಗ ಗಡ್ಡ ಬೆಳ್ಳಗಾದ ಮೇಸ್ತ್ರಿ. ನಮಾಜು ಮುಗಿಸಿ ಬಂದು ನಮ್ಮ ದೇವರ ಕಿವಿ ತಿದ್ದುತ್ತಾನೆ. ಯಾರಾದರೂ ಕೆಣಕಿದರೆ, "ನಂಗೆ ಕೆಲ್ಸ ಕಲಿಸಿದ ಗುರುಗಳ ಮನೆ ಕಣಯ್ಯಾ ಇದು, ಸುಮ್ನಿರು" ಅನ್ನುತ್ತಾನೆ.

ಗುಡಿಯೊಳಗೆ ಹೋಗಿ ನೋಡಿ ಬಂದೆ. ನಮ್ಮವರೂ ಅವರ ಗೆಳೆಯರೂ ಮಣ್ಣಿನಲ್ಲಿ ಎಬ್ಬಿಸಿ ಸಿಮೆಂಟು ಮೆತ್ತಿದ ಬೇಟೆಗಾರರು, ಆನೆ, ಮೀನುಗಳು ಹಾಗೇ ಇವೆ. ಒಳಗೋಡೆಯಲ್ಲಿ ಮಂಡಿಯೂರಿ ಕೂತ ಹೆಂಗಸೂ ಇದ್ದಾಳೆ. ತಲೆಯ ಮೇಲೆ ದೇವರ ಗಡಿಗೆ, ಬೆನ್ನಿನಲ್ಲಿ ಕಟ್ಟಿಕೊಂಡ ಮಗು. ಮುಖ ಮಾತ್ರ ಇಲ್ಲ. ನಮ್ಮವರು ತೀರಿಕೊಂಡ ಮಳೆಗಾಲದಲ್ಲಿ ಅದು ಕಳಚಿ ಬಿತ್ತು. ಹೇಗಿತ್ತೆಂದು ಈಗ ಯಾರಿಗೂ, ಸಾಕಾನಿಗೂ, ಸರಿಯಾಗಿ ನೆನಪಿಲ್ಲ. ಅಳುವ ಮನೆಯಲ್ಲಿದ್ದ ನಮಗೆ ಗೋಡೆಯ ಗೊಡವೆ ಎಲ್ಲಿತ್ತು?

ಈಗ ಆ ಮುಖದ ಮೇಲೆಯೇ ಕೆಲಸ ನಿಂತಿದೆ. ಎಕುಂಡಾಯೊ ಎಲ್ಲಿಂದಲೋ ಹಳೆಯ ಫೋಟೋ ಹುಡುಕಿ ತಂದಳು. ನಮ್ಮವರು ಆ ಹೆಂಗಸಿನ ಮುಂದೆ ಎದೆ ಉಬ್ಬಿಸಿ ನಿಂತಿದ್ದಾರೆ, ಅವರ ಟೋಪಿ ಸರಿಯಾಗಿ ಅವಳ ಮುಖಕ್ಕೇ ಅಡ್ಡ! ಬದುಕಿದ್ದಾಗಲೂ ಹೀಗೇ ಅಲ್ಲವೇ ಅಕ್ಕ, ಬೇಕಾದ ಕಡೆ ಕಾಣದೆ ಬೇಡದ ಕಡೆ ಅಡ್ಡ ನಿಲ್ಲುತ್ತಿದ್ದರು.

"ಅಮ್ಮಾ, ಅದು ಯಾರ ಮುಖ? ಯಾರನ್ನ ನೋಡಿ ಮಾಡಿದ್ರು?" ಎಂದು ಅವಳು ನನ್ನನ್ನು ಕೇಳಿದಳು.

ಅಲ್ಲಿದ್ದವರೆಲ್ಲ ನಕ್ಕರು. ಆ ಮುಖಕ್ಕಾಗಿ ನಾವಿಬ್ಬರೂ ಮಾಡಿದ ಜಗಳ ಈ ಊರಿಗೆ ಗೊತ್ತಿಲ್ಲವೇ? ಅದು ನೀವು ಎಂದು ನೀವು, ನಾನು ಎಂದು ನಾನು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಷ್ಟು ಸಲ ಮಾತು ಬಿಟ್ಟಿಲ್ಲ! ಆದರೆ ಅವತ್ತು ನನ್ನ ಬಾಯಿಂದ "ನಾನೇ" ಎಂದು ಹೊರಡಲಿಲ್ಲ, "ಅಕ್ಕ" ಎಂದೂ ಹೊರಡಲಿಲ್ಲ. "ಕೇಳಿ ಹೇಳ್ತೀನಿ" ಎಂದುಬಿಟ್ಟೆ. ಅದಕ್ಕೇ ಕೇಳುತ್ತಿದ್ದೇನೆ. ಅವರು ನಿಮಗೆ ಯಾವತ್ತಾದರೂ ಹೇಳಿದ್ದರೇ? ನಿಜ ಹೇಳಿ. ನನ್ನ ಮನಸ್ಸಿಗೆ ನೋವಾಗುತ್ತದೆಂದು ಮುಚ್ಚಿಡಬೇಡಿ.

ದೇವರು ನಿಮ್ಮ ಬಾಗಿಲು ಕಾಯಲಿ.

ನಿಮ್ಮ
ಅಶಾಬಿ

* * *

ಇಲೆ-ಒಡೊ
19 ಫೆಬ್ರವರಿ 2006

ಅಕ್ಕನಿಗೆ ನಮಸ್ಕಾರ.

ಈ ಸಲ ತಡ ಮಾಡಿಲ್ಲ, ನೋಡಿ. ನಿಮ್ಮ ಕಾಗದ ಓದಿ ಮೊದಲು ಕೋಪ ಬಂತು, ಆಮೇಲೆ ನಗು ಬಂತು, ಈಗ ಎರಡೂ ಒಟ್ಟಿಗೇ ಇವೆ. "ಆಗ ನೀನು ಒಣಮೀನಿನ ಹಾಗಿದ್ದೆ, ಆ ಗೋಡೆಯ ಹೆಂಗಸಿಗೆ ಮೈಕೈ ಇದೆ, ಅವಳು ನಾನಲ್ಲದೆ ಇನ್ಯಾರು?" ಎಂದು ಬರೆದಿದ್ದೀರಿ. ಸರಿ. ಅದೇ ಹಾಳೆಯ ಕೆಳಗೆ, "ಆದರೂ ನಿನ್ನ ಮುಖವನ್ನೇ ಮಾಡಿಸು, ನನಗೆ ಬೇಜಾರಿಲ್ಲ" ಎಂದೂ ಬರೆದಿದ್ದೀರಿ. ಇದೇನಕ್ಕ? ಇಷ್ಟು ವರ್ಷ ಬಿಟ್ಟುಕೊಡದ್ದನ್ನು ಈಗ ಯಾಕೆ ಬಿಟ್ಟುಕೊಡುತ್ತೀರಿ? ನಿಮ್ಮ ಮೈ ಸರಿಯಿದೆ ತಾನೆ? ಜಗಳವಾಡುವ ಅಕ್ಕನನ್ನು ನಾನು ಬಲ್ಲೆ. ಹೀಗೆ ದಾನ ಮಾಡುವ ಅಕ್ಕನ ಮುಂದೆ ಹೇಗೆ ನಿಲ್ಲಬೇಕೋ ಗೊತ್ತಾಗುತ್ತಿಲ್ಲ.

ನಿಮ್ಮ ಕಾಗದವನ್ನು ಯಾರಿಗೂ ಓದಿ ಹೇಳಲಿಲ್ಲ. "ಅಕ್ಕಂಗೂ ಸರಿಯಾಗಿ ನೆನಪಿಲ್ಲವಂತೆ" ಎಂದೆ. ಎಕುಂಡಾಯೊ ಪ್ರಕಾರ ಹೊಸದಾಗಿ ಮುಖ ಮಾಡುವುದೇ ತಪ್ಪು.

"ಇರೋದನ್ನ ಉಳಿಸೋದಷ್ಟೇ ನಮ್ಮ ಕೆಲಸ, ಅಮ್ಮಾ. ಇಲ್ಲದ್ದನ್ನ ಹುಟ್ಟಿಸೋ ಹಾಗಿಲ್ಲ. ಬಿದ್ದ ಜಾಗಾನ ನುಣ್ಣಗೆ ಮಾಡಿ ಬಿಟ್ಟುಬಿಡೋಣ."

ಪೂಜಾರಿಣಿ ಒಮಿಲೆಯೆ ಅಜ್ಜಿ ಬಾಗಿಲಲ್ಲಿ ಕೂತು ಕೋಲಾ ಕಾಯಿ ಅಗಿಯುತ್ತಿದ್ದವಳು, ಉಗುಳಿದಳು.

"ನುಣ್ಣಗೆ ಮಾಡ್ತೀಯಾ? ಮುಖ ಇಲ್ಲದೋಳು ಬಂದವರನ್ನ ನೋಡೋದು ಹೇಗೆ? ಹೆರಿಗೆ ಆಗ್ಲಿ ಅಂತ ಬೇಡ್ಕೊಳ್ಳೋಕೆ ಬರೋ ಹುಡುಗೀರು ಯಾರ ಕಣ್ಣು ನೋಡಿ ಬೇಡ್ಕೋಬೇಕು? ನಿನ್ನ ಕಣ್ಣನ್ನಾ?"

"ಅಜ್ಜೀ, ನಾವು ಊಹೆ ಮಾಡಿ..."

"ಊಹೆ ಗೀಹೆ ನಂಗೊತ್ತಿಲ್ಲ. ಮುಖ ಬರೋತನಕ ದೇವರ ಗಡಿಗೆ ನನ್ನ ಮನೇಲೇ ಇರುತ್ತೆ. ನಿಮ್ಮ ಗೋಡೆ ನೀವೇ ಪೂಜೆ ಮಾಡ್ಕೊಳ್ಳಿ."

ಕೆಲಸ ಶುರುವಾದ ದಿನವೇ ಹೊಳೆನೀರೂ ಕಲ್ಲುಗಳೂ ತುಂಬಿದ ದೇವರ ಗಡಿಗೆಯನ್ನು ಅಜ್ಜಿ ತನ್ನ ಮನೆಗೆ ಕೊಂಡೊಯ್ದಿದ್ದಾಳೆ. ಅದು ವಾಪಸು ಬರದಿದ್ದರೆ ಎಷ್ಟು ಚೆಂದ ರಿಪೇರಿ ಮಾಡಿದರೂ ಅದು ಬರಿಯ ಕಟ್ಟಡ. ಎಕುಂಡಾಯೊಗೂ ಅದು ಗೊತ್ತು. ಅವಳು ಏಣಿಯ ಕೆಳಗೆ ಕೂತು ಹಣೆ ಒತ್ತಿಕೊಂಡಳು. ಪಾಪ ಅನ್ನಿಸಿತು. ನಾನು ತಂದಿದ್ದ ಅಕಾರ ವಡೆ ಕೊಟ್ಟೆ. ತಿಂದಳು.

ಕೊನೆಗೆ ದೇವರನ್ನೇ ಕೇಳೋಣ ಎಂದಾಯಿತು. ಅಜ್ಜಿ ನಾಲ್ಕು ಎಸಳಿನ ಕೋಲಾ ಕಾಯಿ ಒಡೆದು, ನೀರು ಚಿಮುಕಿಸಿ, ನಿಮ್ಮ ಹೆಸರು ಹೇಳಿ ಎಸೆದಳು. ಎರಡು ಎಸಳು ಮೇಲ್ಮುಖವಾಗಿ, ಎರಡು ಕೆಳಮುಖವಾಗಿ ಬಿದ್ದವು. ಹೌದು ಎಂದಾಯಿತು. ಸಾಕಾ ದೂರದಿಂದಲೇ, "ನ್ಯಾಯ ಅಂದ್ರೆ ಸಣ್ಣಮ್ಮನ ಹೆಸರೂ ಕೇಳ್ಬೇಕಲ್ವಾ?" ಎಂದ. ನನ್ನ ಹೆಸರು ಹೇಳಿ ಎಸೆದರು. ಮತ್ತೆ ಎರಡು ಮೇಲೆ, ಎರಡು ಕೆಳಗೆ. ಅದೂ ಹೌದು!

"ಈಗೇನರ್ಥ ಇದಕ್ಕೆ?" ಎಂದು ಎಕುಂಡಾಯೊ ಕೇಳಿದಳು.

ಅಜ್ಜಿ ಎಸಳುಗಳನ್ನು ಬಾಚಿಕೊಂಡಳು. "ದೇವರಿಗೆ ಇವತ್ತು ಹುಡುಗಾಟ" ಎಂದು ಎದ್ದು ಹೋದಳು.

ಮನೆಗೆ ಬಂದು ನಿಮ್ಮ ಹಳೆಯ ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಇದನ್ನು ಗೋಡೆಗೆ ಹಾಕಿದರೆ ಯಾರಿಗೆ ಗುರುತು ಸಿಗುತ್ತದೆ? ಹುಡುಗಿಯಾಗಿದ್ದಾಗಿನ ನನ್ನ ಮುಖವನ್ನು ಈಗ ನೆನಪಿಟ್ಟುಕೊಂಡವರು ನೀವೊಬ್ಬರೇ. ನಿಮ್ಮ ಹರೆಯದ ಮುಖ ಇರುವುದೂ ನನ್ನ ಕಣ್ಣಲ್ಲಿ ಮಾತ್ರ. ಹೀಗಿರುವಾಗ ನಾನು ನಿಮ್ಮದನ್ನು ಹೇಳಬೇಕು, ನೀವು ನನ್ನದನ್ನು ಹೇಳಬೇಕು, ಬೇರೆ ದಾರಿಯೇ ಇಲ್ಲ. ಏನೇನೋ ಬರೆಯುತ್ತಿದ್ದೇನೆ. ಬಿಡಿ.

ಸೊಸೆಗೆ ಹೇಳಿ, ನೆನೆಸಿದ ಬೇಳೆಯ ಸಿಪ್ಪೆ ಪೂರ್ತಿ ತೆಗೆದರೆ ಮಾತ್ರ ಗ್ಬೆಗಿರಿ ಸಾರು ನುಣ್ಣಗಾಗುತ್ತದೆ, ಅವಸರ ಮಾಡಬಾರದು. ಕಾಲು ಜೋಪಾನ.

ನಿಮ್ಮ
ಅಶಾಬಿ

* * *

ಇಲೆ-ಒಡೊ
23 ಮಾರ್ಚ್ 2006

ಅಕ್ಕನಿಗೆ ಮಂಡಿಯೂರಿ ನಮಸ್ಕಾರ.

ಮುಖ ಸಿಕ್ಕಿತು!

ನಿಂತಲ್ಲಿ ನಿಲ್ಲಲಾಗದೆ, ಕೂತಲ್ಲಿ ಕೂರಲಾಗದೆ ಬರೆಯುತ್ತಿದ್ದೇನೆ. ಅಕ್ಷರ ಓರೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಗಡಿಗೆ ಇಡುವ ಜಗಲಿ ಒಂದು ಕಡೆ ಕುಸಿದಿತ್ತು. ಅದನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕೆಂದು ಸಾಕಾ ಕೈಯಿಂದಲೇ ಮಣ್ಣು ತೋಡುತ್ತಿದ್ದ. ಒಳಗೆ ಬಿಳಿ ಬಟ್ಟೆಯ ಗಂಟು. ಬಿಚ್ಚಿದರೆ ಸಿಮೆಂಟಿನ ಚೂರುಗಳು: ಒಂದರಲ್ಲಿ ಕಣ್ಣು, ಒಂದರಲ್ಲಿ ತುಟಿ.

"ಓಹೋ ಅದಾ?" ಎಂದಳು ಒಮಿಲೆಯೆ ಅಜ್ಜಿ. "ನನಗಿಂತ ಮುಂಚೆ ಪೂಜೆ ಮಾಡ್ತಿದ್ದೋಳು ಹೂತಿಟ್ಟಿರ್ಬೇಕು. ದೇವರ ಮೈಯಿಂದ ಬಿದ್ದದ್ದನ್ನ ತಿಪ್ಪೆಗೆ ಎಸೀತಾರಾ ಯಾರಾದ್ರೂ?"

"ಅಜ್ಜೀ! ಎರಡು ತಿಂಗಳಿಂದ ಇದಕ್ಕೇ ತಲೆ ಚಚ್ಕೋತಿದೀವಿ. ಮೊದ್ಲೇ ಹೇಳ್ಬಾರ್ದಿತ್ತಾ?" ಎಕುಂಡಾಯೊ ಅಳುವುದೊಂದು ಬಾಕಿ.

"ನಾನೇನು ನೋಡಿದ್ನಾ? ನೀವು ಯಾರ ಮುಖ ಅಂತ ಕೇಳಿದ್ರಿ, ಎಲ್ಲಿದೆ ಅಂತ ಕೇಳ್ಲಿಲ್ಲ."

ಚಾಪೆಯ ಮೇಲೆ ಚೂರುಗಳನ್ನು ಜೋಡಿಸಿದರು. ಊರಿನ ಹೆಂಗಸರು ಬಾಗಿಲಿಗೆ ಮುತ್ತಿಕೊಂಡಿದ್ದರು. ನಿಮ್ಮ ಮೂಗೋ ನನ್ನ ಗಲ್ಲವೋ ನೋಡಿಯೇಬಿಡೋಣ ಎಂದು ಅವರಿಗೂ ಆಸೆ. ಕೊನೆಯ ಚೂರು ಕೂತಿತು. ಎಲ್ಲರೂ ಬಗ್ಗಿ ನೋಡಿದರು.

ಅಕ್ಕ, ಅದು ನೀವಲ್ಲ. ನಾನೂ ಅಲ್ಲ. ಉಬ್ಬಿದ ದೊಡ್ಡ ಕಣ್ಣು, ಅಗಲ ಮೂಗು, ಮುಂದೆ ಚಾಚಿದ ದಪ್ಪ ತುಟಿ. ಎಲ್ಲೋ ನೋಡಿದ ಮುಖ ಎಂದು ಯೋಚಿಸುವಷ್ಟರಲ್ಲಿ ಸಾಕಾ ಗೋಡೆಯ ಕಡೆ ಕೈ ತೋರಿಸಿದ.

"ಅಗೋ ಆ ಬೇಟೆಗಾರನ್ನ ನೋಡಿ ಸಣ್ಣಮ್ಮಾ. ಆ ನಾಯೀನ ನೋಡಿ. ಅಷ್ಟೇ ಯಾಕೆ, ಆ ಆನೇನ ನೋಡಿ, ಸೊಂಡಿಲು ಬಿಟ್ರೆ ಎಲ್ಲಾ ಇದೇ. ಗುರುಗಳಿಗೆ ಬೇರೆ ಮುಖ ಮಾಡೋಕೇ ಬರ್ತಿರ್ಲಿಲ್ಲ."

ಮೊದಲು ನಕ್ಕವಳು ನಾನು. ಎಲ್ಲ ಹೆಂಗಸರೂ ನಕ್ಕರು, ಅಜ್ಜಿ ನಕ್ಕು ಕೆಮ್ಮಿದಳು, ಎಕುಂಡಾಯೊ ನೆಲದ ಮೇಲೆ ಕೂತುಬಿಟ್ಟಳು. ಆನೆಯ ಮುಖಕ್ಕಾಗಿ ನಾವಿಬ್ಬರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಿತ್ತಾಡಿದ್ದೆವಲ್ಲ! ನೀವಿದ್ದಿದ್ದರೆ ತಲೆಯ ವಸ್ತ್ರ ಬಿಚ್ಚಿ ನಮ್ಮವರ ಗೋರಿಗೆ ಹೊಡೆಯಲು ಹೋಗುತ್ತಿದ್ದಿರಿ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರು ನಿಲ್ಲಲಿಲ್ಲ. ಗೆದ್ದ ಹಾಗೂ ಇಲ್ಲ, ಸೋತ ಹಾಗೂ ಇಲ್ಲ. ಇಷ್ಟು ವರ್ಷ ಕೈಯಲ್ಲಿ ಹಿಡಿದಿದ್ದ ಹಗ್ಗದ ಆ ತುದಿಯಲ್ಲಿ ಯಾರೂ ಇರಲಿಲ್ಲ ಎಂದು ಗೊತ್ತಾದಂತೆ.

ಮುಖವನ್ನು ಗೋಡೆಗೆ ಕೂರಿಸಿದ್ದಾರೆ. ಬಿರುಕುಗಳು ಕಾಣುತ್ತವೆ. ಎಕುಂಡಾಯೊ ಅವನ್ನು ಬೇಕೆಂದೇ ಹಾಗೆ ಬಿಟ್ಟಿದ್ದಾಳೆ. ಒಮಿಲೆಯೆ ಅಜ್ಜಿ ಗೋಡೆಯ ಹೆಂಗಸಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿ, "ಹ್ಞೂಂ, ನೋಡ್ತಾಳೆ" ಎಂದು ಒಪ್ಪಿದಳು. ಮುಂದಿನ ಶನಿವಾರವಾದ ಮೇಲಿನ ಶನಿವಾರ ಗಡಿಗೆ ಗುಡಿಗೆ ಬರುತ್ತದೆ. ಡೋಲಿನವರಿಗೆ ಹೇಳಿಯಾಗಿದೆ. ಗುಡಿ ಕಟ್ಟಿದ ಹಿರಿಯ ಮೇಸ್ತ್ರಿಗಳ ಪೈಕಿ ಯಾರೂ ಉಳಿದಿಲ್ಲವಾದ್ದರಿಂದ, ಬಾಗಿಲಿಗೆ ಕಟ್ಟಿದ ಬಟ್ಟೆಯನ್ನು ನಮ್ಮವರ ಹಿರಿಯ ಮಗ ಬೊಲಾಜಿಯೇ ಸರಿಸಬೇಕೆಂದು ಊರ ಅರಸರ ಅರಮನೆಯಿಂದ ಹೇಳಿಕಳಿಸಿದ್ದಾರೆ. ಅವನಿಗೆ ಬೇರೆ ಆಹ್ವಾನ ಬರುತ್ತದೆ. ನೀವೂ ಬರಲೇಬೇಕು. ಮಂಡಿ ನೋವಾದರೆ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಬನ್ನಿ. ನಿಮ್ಮ ಕೋಣೆ ಗುಡಿಸಿಟ್ಟಿದ್ದೇನೆ. ಇಂಡಿಗೊ ಬಣ್ಣದ ಹೊಸ ಆದಿರೆ ಬಟ್ಟೆ ತಂದಿದ್ದೇನೆ, ಇಬ್ಬರಿಗೂ ಒಂದೇ ಥಾನಿನದು. ಊರಿನವರು ನಮ್ಮನ್ನು ನೋಡಿ ಹೊಟ್ಟೆ ಉರಿಸಿಕೊಳ್ಳಲಿ.

ನಿಮ್ಮ ಮನೆಯಲ್ಲಿ ನೀರಿಗೆ ಬರ ಬಾರದಿರಲಿ, ಮಕ್ಕಳ ಸದ್ದು ಅಡಗದಿರಲಿ. ನೀವು ನನಗಿಂತ ಹೆಚ್ಚು ಕಾಲ ಬದುಕಿ, ನನ್ನ ಮೇಲೆ ಮಣ್ಣು ಹಾಕುವಾಗಲೂ ಬಯ್ಯುತ್ತಲೇ ಇರಿ.

ನಿಮ್ಮ ತಂಗಿ
ಅಶಾಬಿ

ಮರೆತಿದ್ದು: ಮರೆತಿರಲಿಲ್ಲ, ಮೇಲಿನ ಹಾಳೆಗಳಲ್ಲಿ ಬರೆಯಲು ಧೈರ್ಯ ಬರಲಿಲ್ಲ. ಈ ಹಾಳೆಯನ್ನು ಬೇರೆಯಾಗಿ ಮಡಿಸಿದ್ದೇನೆ. ಕನ್ನಡಕ ಹಾಕಿಕೊಂಡು ನೀವೊಬ್ಬರೇ ಓದಿ. ಬೊಲಾಜಿಯ ಕೈಗೆ ಕೊಡಬೇಡಿ. ಇದರಲ್ಲಿ "ನೀವು" ಅನ್ನಲು ಯಾಕೋ ಕೈ ಏಳುತ್ತಿಲ್ಲ. "ನೀನು" ಅನ್ನುತ್ತೇನೆ, ಕ್ಷಮಿಸು.

ಮುಖ ಕೂರಿಸುವಾಗ ಆ ಹೆಂಗಸಿನ ಸೊಂಟದ ಹತ್ತಿರ ಬಟ್ಟೆಯ ಸಿಮೆಂಟು ಮಡಿಕೆಯೊಂದನ್ನು ಬಡಿದರೆ ಟೊಳ್ಳು ಸದ್ದು ಬಂತು. ಸಡಿಲವಾಗಿದೆ, ತೆಗೆದು ಮತ್ತೆ ಅಂಟಿಸಬೇಕೆಂದು ಸಾಕಾ ಅದನ್ನು ಬಿಡಿಸಿದ. ಕೆಳಗೆ ಬೆನ್ನಿನ ಮಗುವಿನ ಪಾದವಿತ್ತು. ಎಡಪಾದ. ಅದಕ್ಕೆ ಆರು ಬೆರಳು.

"ಗುರುಗಳ ಕೈ ತಪ್ಪಿರ್ಬೇಕು" ಎಂದಳು ಎಕುಂಡಾಯೊ.

ಸಾಕಾ ನನ್ನ ಮುಖ ನೋಡಿದ. "ತಪ್ಪಿದ್ದಲ್ಲ. ಪಾದಾನ ಒಂದಿನ ಪೂರ್ತಿ ಕೂತು ಮಾಡಿದ್ರು. ಆಮೇಲೆ ಅವರೇ ಅದರ ಮೇಲೆ ಬಟ್ಟೆ ಎಳೆದ್ರು. ಯಾಕೆ ಅಂತ ನಾನು ಕೇಳ್ಲಿಲ್ಲ."

ಆ ಪಾದ ಯಾರದೆಂದು ನಿನಗೆ ಹೇಳಬೇಕೇ ಅಕ್ಕ? ಅದಕ್ಕೆಂದೇ ಅಗಲದ ಚಪ್ಪಲಿ ಹೊಲಿಸುತ್ತಿದ್ದವಳು ನೀನು. ನಾಮಕರಣದ ದಿನ ಅತ್ತೆ ನನ್ನ ಮಡಿಲಿನಿಂದ ಅವನನ್ನು ಎತ್ತಿ ನಿನ್ನ ಬೆನ್ನಿಗೆ ಕಟ್ಟಿದರು. "ನೀನು ಚಿಕ್ಕವಳು, ನಿಂಗೆ ಇನ್ನೂ ಆಗ್ತಾವೆ. ಇವಳಿಗಿಲ್ಲ" ಎಂದರು. ನಾನು ಹ್ಞೂಂ ಎಂದೆ. ಯಾರೂ ಬಲವಂತ ಮಾಡಲಿಲ್ಲ. ಆಮೇಲೆ ನನಗೆ ಹೆಣ್ಣುಮಕ್ಕಳಾದರು, ಅತ್ತೆಯ ಮಾತು ಸುಳ್ಳಾಗಲಿಲ್ಲ. ನಾನು ಹಾಲು ಕೊಟ್ಟೆ, ನೀನು ಉಳಿದದ್ದೆಲ್ಲ ಕೊಟ್ಟೆ. ಅವನು ನಿನ್ನನ್ನು ಅಮ್ಮ ಎಂದ, ನನ್ನನ್ನು ಚಿಕ್ಕಮ್ಮ ಎಂದ. ತಿಳಿದಿದ್ದ ಹಿರಿಯರು ಹಾಗೇ ಬಾಯಿ ಮುಚ್ಚಿಕೊಂಡು ಹೋದರು. ನಾವಿಬ್ಬರೂ ಇದನ್ನು ಒಂದು ದಿನವೂ ಮಾತಾಡಲಿಲ್ಲ. ಆ ಗೋಡೆಯ ಮುಖ ಯಾರದೆಂದು ಜಗಳವಾಡಿದೆವು, ಅಷ್ಟೇ. ಅದು ಏತರ ಜಗಳವೆಂದು ಈಗ ನನಗೆ ಗೊತ್ತಾಗುತ್ತಿದೆ. ನಿನಗೆ ಮೊದಲೇ ಗೊತ್ತಿತ್ತೇನೋ. "ನಿನ್ನ ಮುಖವನ್ನೇ ಮಾಡಿಸು" ಎಂದು ನೀನು ಬರೆದದ್ದು ಇದಕ್ಕೇ ಇರಬೇಕು.

ನಮ್ಮವರು ತಾಯಿಗೆ ಯಾರದೂ ಅಲ್ಲದ ಮುಖ ಮಾಡಿದರು, ಮಗುವಿಗೆ ಮಾತ್ರ ಅವನದೇ ಪಾದ ಮಾಡಿದರು. ಮಾಡಿದವರು ಮುಚ್ಚಿದ್ದೇಕೆ? ಮುಚ್ಚುವುದಿದ್ದರೆ ಮಾಡಿದ್ದೇಕೆ?

ಎಕುಂಡಾಯೊ ಹೇಳುತ್ತಾಳೆ: ಪಾದವೂ ಅವರದೇ ಕೆಲಸ, ಮಡಿಕೆಯೂ ಅವರದೇ ಕೆಲಸ, ಯಾವುದನ್ನು ಉಳಿಸಬೇಕೆಂದು ಮನೆಯವರೇ ಹೇಳಬೇಕು ಎಂದು. ಬೆಳಿಗ್ಗೆ ನಾನು ಮುಚ್ಚು ಎಂದೆ. ಸಾಕಾ ಸಿಮೆಂಟು ಕಲಸಿದ. ಮಧ್ಯಾಹ್ನ ಬೇಡ ಎಂದೆ. ಸಂಜೆ ಮತ್ತೆ ಮುಚ್ಚು ಎಂದೆ. "ಸಣ್ಣಮ್ಮಾ, ಸಿಮೆಂಟು ನಿಮ್ಮ ಮನಸ್ಸಿನ ಹಂಗಲ್ಲ, ಕಾಯೋದಿಲ್ಲ" ಎಂದ ಅವನು, ಮೆಲ್ಲಗೆ. ನಾನು ಆ ಪಾದದ ಮೇಲೆ ಕೈ ಇಟ್ಟೆ. ನನ್ನ ಅಂಗೈಯಷ್ಟೂ ಇಲ್ಲ. ಕಲಸಿದ್ದನ್ನು ಜಗಲಿಗೆ ಬಳಸಿಕೋ ಎಂದು ಹೇಳಿ ಹೊರಗೆ ಬಂದೆ.

ಮಡಿಕೆಯನ್ನು ಮತ್ತೆ ಹಾಕಿಲ್ಲ, ಅಕ್ಕ. ಹಾಕಿಸುವುದಿಲ್ಲ. ನಿನ್ನನ್ನು ಕೇಳದೆ ಮಾಡಿದೆ. ಸರಿಯೋ ತಪ್ಪೋ ತಿಳಿಯದೆಯೇ ಮಾಡಿದೆ.

ಬೊಲಾಜಿ ಬಂದು ಬಾಗಿಲ ಬಟ್ಟೆ ಸರಿಸುತ್ತಾನೆ. ಎಲ್ಲರಂತೆ ಅವನೂ ಬರಿಗಾಲಲ್ಲಿ ಗುಡಿಯೊಳಗೆ ಹೋಗಬೇಕು. ಗೋಡೆಯನ್ನು ನೋಡಿ ಅವನು ಕೇಳಿದರೆ ಉತ್ತರ ಹೇಳಬೇಕಾದವಳು ನೀನು, ಅವನ ತಾಯಿ. ನೀನು ಏನು ಹೇಳಿದರೂ ನಾನು ಎದುರಾಡುವುದಿಲ್ಲ. ಅವನನ್ನು ಕರೆತರುವುದೇ ಬೇಡ ಅನ್ನಿಸಿದರೆ ಅದನ್ನೂ ನೀನೇ ತೀರ್ಮಾನಿಸು. ನಾನು ಅವತ್ತು ಒಳಗೆ ಬರುವುದಿಲ್ಲ. ಬಾಗಿಲ ಹೊರಗೆ ಬಾಣಲೆ ಇಟ್ಟುಕೊಂಡು ಬಂದವರಿಗೆ ಅಕಾರ ಕರಿಯುತ್ತಾ ಕೂತಿರುತ್ತೇನೆ. ಎಲ್ಲರೂ ಚಪ್ಪಲಿ ಬಿಡುವುದು ಅಲ್ಲೇ. ಅವನು ಶೂ ಬಿಚ್ಚುವಾಗ ನಾನು ಎಣ್ಣೆಯನ್ನೇ ನೋಡುತ್ತಿರುತ್ತೇನೆ ಎಂದು ನಿನಗೆ ಮಾತು ಕೊಡಬೇಕೆಂದು ಈ ಹಾಳೆ ತೆಗೆದುಕೊಂಡೆ. ಕೊಡಲಾರೆ, ಅಕ್ಕ.